ದಾರಕ್ಕೆ ಪೋಣಿಸಿದ ಸೇಬು

ನಾನು ಬೆಳೆದ ತಿಕೋಟಾ ಕಡೆ ಸೇಬಿಗೆ ಇನ್ನೊಂದು ಹೆಸರಿತ್ತು: ದವಾಖಾನಿ ಹಣ್ಣು. ಗಟ್ಟಿಮುಟ್ಟಾಗಿದ್ದವರು ಅದನ್ನು ರೊಕ್ಕ ಕೊಟ್ಟು ತಂದು ತಿಂದದ್ದನ್ನು ನಾನು ಕಂಡವಳಲ್ಲ. ಪೇರಲ, ಬಾರಿಹಣ್ಣು, ಬಾಳೆ, ಹಂಗಾಮು ಬಂದರೆ ದ್ರಾಕ್ಷಿ, ದಾಳಿಂಬೆ ಇವೆಲ್ಲ ಬಾಯಿಗೆ. ಸೇಬು ಮಾತ್ರ ಹಾಸಿಗೆ ಹಿಡಿದವರ ತಲೆದಿಂಬಿನ ಮಗ್ಗುಲಿಗೆ. ಸಂಜೆ ಹೊತ್ತು ಯಾರಾದರೂ ಸೇಬಿನ ಪೊಟ್ಟಣ ಹಿಡಿದು ಓಣಿ ದಾಟಿದರೆ, "ಯಾರಿಗೇನಾಗೇತ್ರೀ?" ಎಂದು ಕೇಳದಿರುವುದು ಮರ್ಯಾದೆಗೇಡು.

ಊರು ಬಿಟ್ಟು ಪುಣೆಯ ಧನಕವಡಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇಲ್ಲಿ ಸೇಬಿಗೆ ಸಫರಚಂದ ಎನ್ನುತ್ತಾರೆ. ಕಾಶ್ಮೀರದಿಂದ ಎರಡು ಸಾವಿರ ಕಿಲೋಮೀಟರ್ ಸಫರು ಮಾಡಿಯೂ ಚಂದ ಕೆಡದೆ ಬಂದದ್ದಕ್ಕೆ ಈ ಹೆಸರು ಎಂಬುದು ನನ್ನ ಖಾಸಗಿ ವ್ಯಾಕರಣ, ಪಂಡಿತರು ಮನ್ನಿಸಬೇಕು. ಹೆಸರು ಬದಲಾದರೂ ಹಣ್ಣಿನ ಉದ್ಯೋಗ ಬದಲಾಗಿಲ್ಲ. ಭಾರತಿ ಆಸ್ಪತ್ರೆಯ ಆಸುಪಾಸಿನ ಹಣ್ಣಿನ ಗಾಡಿಗಳಲ್ಲಿ ಮುಂದಿನ ಸಾಲು ಇವತ್ತಿಗೂ ಸೇಬಿನದೇ. ಗುರುವಾರ ಶಂಕರ ಮಹಾರಾಜರ ಮಠದ ಕಡೆ ಹೊರಟವರ ಕೈಚೀಲದಲ್ಲಿ, ಗಣಪತಿ ಹಬ್ಬದ ಐದು ಹಣ್ಣಿನ ತಟ್ಟೆಯಲ್ಲಿ ಅದಕ್ಕೆ ಜಾಗ ಉಂಟು. ರೋಗಿಗೆ ಬೇಕು, ದೇವರಿಗೆ ಬೇಕು. ನಡುವೆ ಇರುವ ನಮ್ಮಂಥವರಿಗೆ ಅಷ್ಟಕ್ಕಷ್ಟೇ.

ಕೆಲವು ವರ್ಷಗಳ ಹಿಂದೆ, ದೀಪಾವಳಿ ಮುಗಿದ ವಾರದಲ್ಲಿ ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಮನೆಗೆ ಬಂದೆ. ಮಾತಾಡಿಸಲು ಬಂದವರಲ್ಲಿ ಒಬ್ಬರೂ ಬರಿಗೈಯಲ್ಲಿ ಬರಲಿಲ್ಲ, ಒಬ್ಬರೂ ಸೇಬು ಬಿಟ್ಟು ಬೇರೆ ತರಲಿಲ್ಲ. ನಾಲ್ಕನೇ ದಿನ ಎಣಿಸಿದರೆ ಅಡುಗೆಮನೆಯ ಕಟ್ಟೆಯ ಮೇಲೆ ಮೂವತ್ತೊಂದು ಹಣ್ಣು. ನನ್ನ ಪಥ್ಯದ ಬಾಯಿಗೆ ದಿನಕ್ಕೆ ಅರ್ಧ ಹಣ್ಣು ಹೆಚ್ಚು. ಮನೆಯವರಿಗೆ ಸೇಬೆಂದರೆ ಚಿಕ್ಕಂದಿನ ವಿಷಮಜ್ವರ ನೆನಪಾಗುತ್ತದೆ. ಹಾಲು ಹಾಕುವವರಿಗೆ, ಕಾವಲಿನವರಿಗೆ, ಮೇಲಿನ ಮನೆಯ ಮಕ್ಕಳಿಗೆ ಕೊಟ್ಟ ಮೇಲೂ ಹದಿನೆಂಟು ಉಳಿದವು. ಫೋನಿನಲ್ಲಿ ಅವ್ವನಿಗೆ ಹೇಳಿದೆ.

"ಕೊಳಸಬ್ಯಾಡ. ಒಣಾ ಹಾಕು."

"ಸೇಬು ಯಾರ್ ಒಣಾ ಹಾಕ್ತಾರಬೇ?"

"ದ್ರಾಕ್ಷಿ ಹಾಕಂಗಿಲ್ಲೇನ ನಾವು?"

ಅದಕ್ಕೆ ಎದುರು ಮಾತಿರಲಿಲ್ಲ. ತಿಕೋಟಾದಿಂದ ಹಿಡಿದು ಗಡಿಯಾಚೆಯ ತಾಸಗಾವದವರೆಗೆ, ಫೆಬ್ರುವರಿ ಬಂತೆಂದರೆ ಹೊಲಗಳಲ್ಲಿ ಒಣದ್ರಾಕ್ಷಿಯ ಶೆಡ್ಡುಗಳು ತುಂಬಿಕೊಳ್ಳುತ್ತವೆ. ನಮ್ಮ ಕಡೆ ಮಣೂಕ, ಅವರ ಕಡೆ ಬೇದಾಣಾ. ಅಂತಸ್ತು ಅಂತಸ್ತಾಗಿ ಬಿಗಿದ ಜಾಳಿಗೆ, ತಲೆಯ ಮೇಲೊಂದು ಹೊದಿಕೆ, ನಾಲ್ಕೂ ಕಡೆಯಿಂದ ಬಯಲುಸೀಮೆಯ ಗಾಳಿ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದರೆ ದ್ರಾಕ್ಷಿಯ ಮೈಮೇಲಿನ ಮೇಣ ಸಡಿಲಾಗುತ್ತದೆ. ಆಮೇಲೆ ಹದಿನೈದು ದಿನದೊಳಗೆ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗಿ ಕೆಳಗಿಳಿಯುತ್ತದೆ. ಒಣಗುವುದು ಬಿಸಿಲಿನಿಂದ ಎಂದು ಊರ ಹೊರಗಿನವರು ತಿಳಿದಿರುತ್ತಾರೆ. ಶೆಡ್ಡಿನವರನ್ನು ಕೇಳಿ, ಒಣಗಿಸುವುದು ಗಾಳಿ, ಬಿಸಿಲು ಅದರ ಜೊತೆಗಾರ ಅನ್ನುತ್ತಾರೆ. ಈ ಒಂದು ಪಾಠ ನನ್ನ ಕೈಯಲ್ಲಿತ್ತು. ಉಳಿದದ್ದನ್ನು ಸೇಬೇ ಕಲಿಸಿತು.

ಸೇಬನ್ನು ನಾವು ಸಾಮಾನ್ಯವಾಗಿ ಕೊಯ್ಯುವುದು ತೊಟ್ಟಿನಿಂದ ಬುಡಕ್ಕೆ, ಉದ್ದುದ್ದ. ಒಣಗಿಸಲು ಅಡ್ಡ ಕೊಯ್ಯಬೇಕು. ಹಣ್ಣನ್ನು ಮಗ್ಗುಲಾಗಿ ಮಲಗಿಸಿ, ತೊಟ್ಟಿನ ಕಡೆಯಿಂದ ಬಿಲ್ಲೆ ಬಿಲ್ಲೆಯಾಗಿ ಇಳಿಸುತ್ತ ಬಂದರೆ ನಾಲ್ಕನೆಯದೋ ಐದನೆಯದೋ ಬಿಲ್ಲೆಯಲ್ಲಿ ಥಟ್ಟನೆ ನಕ್ಷತ್ರ ಕಾಣುತ್ತದೆ. ಐದು ಮೂಲೆ, ಐದು ಕೋಣೆ, ಒಂದೊಂದರಲ್ಲಿ ಜೋಡಿ ಬೀಜ. ಅಷ್ಟು ವರ್ಷ ದವಾಖಾನೆಗಳಲ್ಲಿ ಹೋಳು ಮಾಡಿ ಹಂಚಿದ ಹಣ್ಣಿನ ಹೊಟ್ಟೆಯಲ್ಲಿ ಇಂಥದ್ದೊಂದು ಇದೆ ಎಂದು ನಾನು ಕಂಡದ್ದು ನಲವತ್ತೇಳನೇ ವಯಸ್ಸಿನಲ್ಲಿ. ಪುಸ್ತಕದಲ್ಲಿ ನಡುವಿನ ದಿಂಡನ್ನು ತೆಗೆದುಬಿಡಿ ಎಂದು ಬರೆದಿರುತ್ತಾರೆ. ನಾನು ಬೀಜವನ್ನಷ್ಟೇ ಚಾಕುವಿನ ಮೊನೆಯಿಂದ ಎತ್ತಿ ಹಾಕುತ್ತೇನೆ. ಒಣಗಿದಾಗ ಆ ಐದು ಕೋಣೆಗಳ ಗೋಡೆ ಹಲ್ಲಿಗೆ ಸ್ವಲ್ಪ ಅಡ್ಡ ಸಿಗುತ್ತದೆ, ಸಿಗಲಿ. ನಕ್ಷತ್ರ ಕಳೆದುಕೊಂಡು ತಿನ್ನುವ ನುಣುಪು ನನಗೆ ಬೇಡ.

ಬಿಲ್ಲೆಯ ದಪ್ಪ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು, ಅಂದರೆ ನಾಲ್ಕು ಮಿಲಿಮೀಟರ್ ಆಸುಪಾಸು. ಅದಕ್ಕಿಂತ ತೆಳುವಾದರೆ ಹಪ್ಪಳ, ದಪ್ಪವಾದರೆ ಮೂರು ದಿನ ಕಾದರೂ ಹೊಟ್ಟೆ ಹಸಿ. ಒಂದು ಹಣ್ಣಿಗೆ ಹತ್ತು, ಹನ್ನೆರಡು ಬಿಲ್ಲೆ ಬೀಳುತ್ತವೆ. ಸಿಪ್ಪೆ ಇರಲಿ ಎನ್ನುವವಳು ನಾನು. ಆದರೆ ಹೊರದೇಶದಿಂದ ಬಂದ, ಕನ್ನಡಿಯಂತೆ ಮುಖ ಕಾಣುವ ಹಣ್ಣಾದರೆ ಬಿಸಿನೀರಿನಲ್ಲಿ ಉಜ್ಜಿ ಮೇಣ ತೆಗೆಯದೆ ಚಾಕು ಹಚ್ಚಬಾರದು.

ಕೊಯ್ದ ಸೇಬು ನಾಚಿಕೆಯ ಹಣ್ಣು. ನೋಡನೋಡುತ್ತ ಕಂದುತ್ತದೆ. ತಿರುಳಿನಲ್ಲಿರುವ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಗಾಳಿಯ ಆಮ್ಲಜನಕ ಸಿಕ್ಕೊಡನೆ ನಡೆಯುವ ಕೆಲಸ ಅದು. ಅಂಗಡಿಯ ಒಣಸೇಬು ಬೆಳ್ಳಕ್ಕಿಯಂತೆ ಬೆಳ್ಳಗಿದ್ದರೆ ಅದು ಗಂಧಕದ ಡೈಆಕ್ಸೈಡಿನ ಉಪಕಾರ. ಮನೆಯಲ್ಲಿ ನಿಂಬೆಹಣ್ಣು ಸಾಕು. ಒಂದು ಲೀಟರ್ ನೀರಿಗೆ ಎರಡು ನಿಂಬೆ ಹಿಂಡಿ, ಬಿಲ್ಲೆಗಳನ್ನು ಐದು ನಿಮಿಷ ಮುಳುಗಿಸಿಟ್ಟು, ಪಂಚೆಯ ಮೇಲೆ ಹರಡಿದರೆ ಆಯಿತು. ನಿಂಬೆಯ ಆಮ್ಲ ಕಿಣ್ವದ ಕೈ ಕಟ್ಟುತ್ತದೆ, ಅದರ ಸಿ ಜೀವಸತ್ವ ಕಂದಿದ್ದನ್ನು ತುಸು ಹಿಂದಕ್ಕೆ ತಿರುಗಿಸುತ್ತದೆ. ನಾನು ಹಿಂಡುವುದು ಬಣ್ಣಕ್ಕಿಂತ ರುಚಿಗೆ. ನಮ್ಮ ಪೇಟೆಗೆ ಬರುವ ಕೆಂಪು ಸೇಬಿನಲ್ಲಿ ಹುಳಿ ಕಡಿಮೆ. ಹುಳಿ ಇಲ್ಲದ ಸಿಹಿಯನ್ನು ಒಣಗಿಸಿದರೆ ಪೆಪ್ಪರಮಿಂಟಿನ ಪೆದ್ದುತನ ಬರುತ್ತದೆ. ಅದಕ್ಕೆ ಇಂಡಿಯ ನಿಂಬೆಯೇ ಬೇಕು. ಇಂಡಿ ಎಂದರೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ಅಲ್ಲಿನ ನಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಗುರುತು ಸಿಗುವ ಮೊದಲೂ ಅದರ ರಸ ಅಷ್ಟೇ ಇತ್ತು.

ಇನ್ನು ಪೋಣಿಸುವುದು. ಹಾಸಿಗೆ ಹೊಲಿಯುವ ದಪ್ಪ ಸೂಜಿ, ಹತ್ತಿಯ ದಾರ. ಬಿಲ್ಲೆಯ ನಡುವೆ ಸೂಜಿ ತೂರಿಸಿ, ಒಂದಕ್ಕೊಂದು ತಾಗದಂತೆ ನಡುವೆ ಗಂಟು ಹಾಕುತ್ತ ಹೋದರೆ ಮಾಲೆ. ತಾರಸಿಯ ಎರಡು ಕಂಬಕ್ಕೆ ಕಟ್ಟಿದಾಗ ಪಕ್ಕದ ಮನೆಯ ಕಾಕು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನೋಡಿದರು. "ಸಫರಚಂದಾಚೀ ಮಾಳ? ಕುಣಾಲಾ ಘಾಲಾಯಚೀ?" ಅಂದರು. ಸೇಬಿನ ಮಾಲೆಯೇ, ಯಾರ ಕೊರಳಿಗೆ ಹಾಕುವುದು ಎಂದು. ಉತ್ತರ ಆಮೇಲೆ ಗೊತ್ತಾಯಿತು. ಇರಾಕಿನ ದಕ್ಷಿಣದಲ್ಲಿ ಊರ್ ಎಂಬ ಪುರಾತನ ಪಟ್ಟಣವಿದೆ, ಹೆಸರೇ ಊರು. ಲಿಯೊನಾರ್ಡ್ ವುಲಿ 1920ರ ದಶಕದಲ್ಲಿ ಅಲ್ಲಿನ ಅರಸರ ಮಸಣವನ್ನು ಅಗೆಸಿದಾಗ ಪುವಾಬಿ ಎಂಬ ರಾಣಿಯ ಗೋರಿ ಸಿಕ್ಕಿತು. ಚಿನ್ನದ ಎಲೆಗಳ ಕಿರೀಟ, ನೀಲಿಕಲ್ಲಿನ ಸರಗಳು, ಎಲ್ಲರೂ ಬರೆದದ್ದು ಅವುಗಳ ಬಗ್ಗೆ. ಅದೇ ಗೋರಿಯ ತಟ್ಟೆಗಳಲ್ಲಿ ಅಡ್ಡ ಕೊಯ್ದು ದಾರಕ್ಕೆ ಪೋಣಿಸಿ ಒಣಗಿಸಿದ ಪುಟ್ಟ ಸೇಬುಗಳೂ ಇದ್ದವು. ನಾಲ್ಕೂವರೆ ಸಾವಿರ ವರ್ಷದ ಹಿಂದೆ ಯಾವಳೋ ಒಬ್ಬಳು ನನ್ನಂತೆಯೇ ಅಡ್ಡ ಕೊಯ್ದಳು. ಅವಳೂ ನಕ್ಷತ್ರ ಕಂಡಿರಬೇಕು. ಕಾಕುವಿಗೆ ಹೇಳಿದೆ: ರಾಣಿಗೆ.

ನಮ್ಮದು ನಾಲ್ಕು ಮಹಡಿಯ ಹಳೆಯ ಕಟ್ಟಡ. ತಾರಸಿಯಲ್ಲಿ ನಿಂತರೆ ದಕ್ಷಿಣಕ್ಕೆ ಕಾತ್ರಜ ಘಾಟಿನ ಬೆನ್ನು, ಇನ್ನೊಂದು ಕಡೆ ತಳಜಾಯಿಯ ಗುಡ್ಡದ ಮರಗಳು, ಕೆಳಗೆ ಮೂರು ಆನೆಯ ಚೌಕದಿಂದ ಏಳುವ ಹಾರನ್ನುಗಳ ಸದ್ದು. ಮಾರ್ಚ್ ಏಪ್ರಿಲ್‌ನಲ್ಲಿ ಈ ತಾರಸಿಗಳೆಲ್ಲ ವಾಳವಣದವು, ಅಂದರೆ ಬೇಸಿಗೆಯಲ್ಲಿ ಒಣಹಾಕಿಡುವ ತಿನಿಸುಗಳವು. ಗೋಧಿ ಹಾಲಿನ ಕುರಡಯಿ ಇಲ್ಲಿ ಇಳಿಯುತ್ತದೆ, ಅದೇ ನಮ್ಮ ಕುರಡಗಿ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗೆ ಒಂದೊಂದು ಮನೆಯ ಸೀರೆ ಹಾಸು. ಕಾರ್ತಿಕದಲ್ಲಿ ತಾರಸಿ ಖಾಲಿ. ಆದರೆ ಪುಣೆಯ ಗಾಳಿ ಒಳ್ಳೆಯದಾಗುವುದೇ ಆಗ. ಮಳೆಯ ಪಸೆ ಹೋಗಿರುತ್ತದೆ, ಹಗಲು ಮೂವತ್ತು ಡಿಗ್ರಿ ಹತ್ತಿರ, ಮಧ್ಯಾಹ್ನದ ಗಾಳಿ ತುಟಿ ಒಡೆಯುವಷ್ಟು ಒಣ. ಸೇಬು ಅಗ್ಗವಾಗುವುದೂ ಆಗಲೇ. ಗುಲಟೇಕಡಿಯ ಮಾರ್ಕೆಟ್ ಯಾರ್ಡಿಗೆ ಕಾಶ್ಮೀರದ ಪೆಟ್ಟಿಗೆ, ಕಿನ್ನೌರಿನ ಪೆಟ್ಟಿಗೆ ಒಟ್ಟಿಗೆ ಬಂದು ಬೀಳುವ ಕಾಲ.

ಕನ್ನಡದಲ್ಲಿ ನೀರು ಬಿಟ್ಟುಹೋಗುವುದಕ್ಕೆ ಒಂದೇ ಮಾತಿಲ್ಲ. ಬಟ್ಟೆ ಆರುತ್ತದೆ, ಹೂ ಬಾಡುತ್ತದೆ, ಮೈ ಸೊರಗುತ್ತದೆ, ಕೆರೆ ಬತ್ತುತ್ತದೆ, ಮಳೆ ನೆಲಕ್ಕೆ ಇಂಗುತ್ತದೆ, ಕಟ್ಟಿಗೆ ಒಣಗುತ್ತದೆ. ಸೇಬಿನ ಬಿಲ್ಲೆಯನ್ನು ಮೂರು ದಿನ ಕೂತು ನೋಡಿ, ಇವುಗಳಲ್ಲಿ ಒಂದೊಂದೂ ಬೇರೆ ಬೇರೆ ಕ್ರಿಯೆ ಎಂದು ಗೊತ್ತಾಗುತ್ತದೆ.

ಮೊದಲ ಗಂಟೆ ಆರುತ್ತದೆ. ಮೈಮೇಲಿನ ಹೊಳಪು ಹೋಗಿ, ಒರೆಸಿಟ್ಟ ಪಾಟಿಯಂತೆ ಮಂಕಾಗುತ್ತದೆ, ಮುಟ್ಟಿದರೆ ಬೆರಳಿಗೆ ಅಂಟುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಅಂಚು ಒಳಕ್ಕೆ ಮಡಚಿ, ದುಂಡಗಿದ್ದದ್ದು ಮೊಲದ ಕಿವಿಯಾಗುತ್ತದೆ, ಸಿಪ್ಪೆಯ ಕೆಂಪು ಕಪ್ಪಿಗೆ ತಿರುಗುತ್ತದೆ. ಸಂಜೆ ಸೊರಗಿದ ಮುಖ. ಆಗ ಇಳಿಸಿ ಒಳಗೆ ತರಬೇಕು, ಇಬ್ಬನಿಗೆ ಬಿಡಬಾರದು. ಮರುದಿನ ಬೆಳಿಗ್ಗೆ ನೋಡಿದರೆ ನಿನ್ನೆ ಬಿರುಸಾಗಿದ್ದದ್ದು ಮತ್ತೆ ಮೆತ್ತಗಾಗಿರುತ್ತದೆ. ನಾನು ಮೊದಲ ಸಲ ಹೆದರಿದೆ, ಮನೆಯ ಶೀತ ಹಿಡಿಯಿತೋ ಏನೋ ಎಂದು. ಹಾಗಲ್ಲ. ರಾತ್ರಿಯಿಡೀ ನಡುವಿನ ಹಸಿ ಅಂಚಿಗೆ ನಡೆದುಬಂದು ಎಲ್ಲ ಕಡೆ ಸಮವಾಗಿರುತ್ತದೆ. ನೆಲದೊಳಗೆ ನೀರು ಇಂಗುವುದನ್ನು ನಾವು ಕಾಣುವುದಿಲ್ಲ, ಇದು ಹಣ್ಣಿನೊಳಗಿನ ಇಂಗುವಿಕೆ, ಇಲ್ಲಿ ಬೆರಳಿಗೆ ಸಿಗುತ್ತದೆ. ಎರಡನೇ ದಿನದ ಗಾಳಿ ಆ ಹಸಿಯನ್ನು ಒಯ್ಯುತ್ತದೆ. ಮೂರನೇ ದಿನ ಒಣಗುತ್ತದೆ.

ಎರಡನೇ ದಿನದ ಮಧ್ಯಾಹ್ನ ಎರಡು ಗಂಟೆಗೆ ತಾರಸಿಯ ಬಾಗಿಲು ತೆಗೆಯಬೇಕು. ಮುಖಕ್ಕೆ ಬರುವ ವಾಸನೆಯ ಒಂದು ಎಳೆ ಗುಲಕಂದದ್ದು, ಒಂದು ಎಳೆ ಎಲ್ಲೋ ದೂರದ ಆಲೆಮನೆಯದು, ಕೊನೆಯಲ್ಲಿ ತುಸುವೇ ತುಸು ಹೆಂಡದ ಮೋಸ. ಹಸಿ ಸೇಬನ್ನು ಮೂಗಿಗೆ ಒತ್ತಿಕೊಂಡರೂ ಇಷ್ಟು ಹೇಳುವುದಿಲ್ಲ. ನೂರರಲ್ಲಿ ಎಂಬತ್ತೈದು ಪಾಲು ನೀರು ಇರುವ ಹಣ್ಣು ಅದು, ಮಾತಿಗಿಂತ ನೀರೇ ಹೆಚ್ಚು. ಕಿಲೋ ಹಣ್ಣು ಮೂರು ದಿನದಲ್ಲಿ ನೂರೆಂಬತ್ತು ಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ದ್ರಾಕ್ಷಿ ನಾಲ್ಕಕ್ಕೆ ಒಂದಾದರೆ ಇದು ಐದಾರಕ್ಕೆ ಒಂದು. ಮಣೂಕದವರು ಕೇಳಿದರೆ ದಿವಾಳಿ ವ್ಯಾಪಾರ ಎಂದಾರು.

ಮೂರನೇ ಸಂಜೆ ಒಂದು ಬಿಲ್ಲೆಯನ್ನು ಬಿಚ್ಚಿ ಇಳಿಬಿಸಿಲಿಗೆ ಹಿಡಿಯಿರಿ. ತೊಗಲುಗೊಂಬೆಯ ಆಟದಲ್ಲಿ ಹದ ಮಾಡಿದ ಚರ್ಮದ ಹಿಂದೆ ದೀಪ ಬಂದಾಗ ಬಣ್ಣ ಜೀವ ಹಿಡಿಯುತ್ತದಲ್ಲ, ಹಾಗೆ. ನಡುವೆ ನಕ್ಷತ್ರ, ಸುತ್ತ ಜೇನಿನ ಹಳದಿ, ಅಂಚಿಗೆ ಕುಂಕುಮದ ಗೆರೆ. ಇದೇ ಹದ. ಅವ್ವನ ಪರೀಕ್ಷೆ ಬೇರೆ: ಮಣೂಕದಂತೆ ಒಂದು ಮುಷ್ಟಿ ಹಿಡಿದು ಅಮುಕಿ ಬಿಟ್ಟರೆ, ಮುದ್ದೆಯಾಗದೆ ಬಿಡಿಬಿಡಿಯಾಗಿ ಬೀಳಬೇಕು. ಮಡಚಿದರೆ ಮುರಿಯಬಾರದು, ಹರಿದರೆ ಅಂಚಿನಲ್ಲಿ ನೀರಿನ ಮಣಿ ಕಾಣಬಾರದು.

ಕೆಡಿಸಿದ ಕಥೆಗಳೂ ಇವೆ. ಮುಂದಿನ ವರ್ಷದ ಶ್ರಾವಣದಲ್ಲಿ, ಹಿಮಾಚಲದ ಮೊದಲ ಹಣ್ಣು ಬಂತೆಂದು ಆಸೆಬುರುಕಿಯಾಗಿ ಮಾಲೆ ಕಟ್ಟಿದೆ. ಕಾತ್ರಜದ ಕಡೆಯಿಂದ ಮೋಡ ಇಳಿದು ಮೂರು ದಿನ ಏಳಲಿಲ್ಲ, ಬಿಲ್ಲೆಗಳ ಮೇಲೆ ಬಿಳಿ ಗಡ್ಡ ಬಂತು. ಹಟಕ್ಕೆ ಬಿದ್ದು ಓವನ್ನಿನಲ್ಲಿ ನೂರು ಡಿಗ್ರಿ ಇಟ್ಟೆ. ಎರಡೇ ಗಂಟೆಯಲ್ಲಿ ಗರಿಗರಿ, ಗೆದ್ದೆ ಅನಿಸಿತು. ಎಂಟು ದಿನಕ್ಕೆ ಬಾಟಲಿಯೊಳಗೆ ಬೂದು ಬೂಸು. ಜೋರು ಬಿಸಿಗೆ ಹೊರಮೈ ಹೆಂಚಿನಂತೆ ಮುಚ್ಚಿಕೊಂಡುಬಿಡುತ್ತದೆ, ಒಳಗಿನ ಹಸಿಗೆ ಹೊರಬರಲು ದಾರಿಯಿಲ್ಲ. ಓವನ್ನೇ ಬೇಕೆಂದರೆ ಐವತ್ತೇಳು, ಅರವತ್ತು ಡಿಗ್ರಿ, ಬಾಗಿಲು ತುಸು ತೆರೆದು, ಎಂಟು ತಾಸು. ವಿದ್ಯುತ್ ಬಿಲ್ಲು ನೋಡಿದ ಮೇಲೆ ಕಾರ್ತಿಕದವರೆಗೆ ಕಾಯುವ ತಾಳ್ಮೆ ತಾನಾಗಿ ಬರುತ್ತದೆ. ಇರುವೆಗಳು ದಾರದ ಮೇಲೆ ದಂಡಿಯಾತ್ರೆ ಹೊರಟದ್ದಕ್ಕೆ ಎರಡೂ ತುದಿಗೆ ಹರಳೆಣ್ಣೆ ಸವರಿದೆ. ಪಾರಿವಾಳಗಳು ಬಂದು ನೋಡಿ ತಮ್ಮದಲ್ಲವೆಂದು ಹೋದವು. ಬುಲ್‌ಬುಲ್ ಮಾತ್ರ ರಸಿಕ ಪ್ರಾಣಿ, ಎರಡನೇ ದಿನಕ್ಕೆ ಸರಿಯಾಗಿ ಬಂದು ಹನ್ನೊಂದು ಬಿಲ್ಲೆಗೆ ತೂತು ಮಾಡಿತು. ಅಂದಿನಿಂದ ಮಾಲೆಗೆ ಹಳೆಯ ಸೊಳ್ಳೆಪರದೆಯ ಸೆರಗು.

ಯಾವ ಸೇಬು? ಇಲ್ಲಿ ನನ್ನ ಅಭಿಪ್ರಾಯ ಖಡಾಖಡಿ. ನಮ್ಮ ಗಾಡಿಗಳಲ್ಲಿ ಕೆಂಪಗೆ ಉದ್ದುದ್ದ ಕೂತ ಡೆಲಿಷಿಯಸ್ ಕುಲದ ಹಣ್ಣು ನೋಡಲು ಹುಟ್ಟಿದ್ದು. ಅಮೆರಿಕದ ಅಯೋವಾದಲ್ಲಿ ಒಬ್ಬ ರೈತನ ತೋಟದಲ್ಲಿ ತಾನಾಗಿ ಎದ್ದ ಗಿಡ ಅದರ ಮೂಲ. ಅದನ್ನು ಊರೂರಿಗೆ ಮಾರಿದ್ದು ಸ್ಟಾರ್ಕ್ ಸಹೋದರರ ನರ್ಸರಿ. ಅಲ್ಲಿಂದಲೇ ಸಸಿ ತರಿಸಿ 1916ರಲ್ಲಿ ಶಿಮ್ಲಾ ಬೆಟ್ಟಗಳ ಕೋಟಗಢದಲ್ಲಿ ನೆಟ್ಟವರು ಸ್ಯಾಮ್ಯುಯೆಲ್ ಸ್ಟೋಕ್ಸ್. ಫಿಲಡೆಲ್ಫಿಯಾದಿಂದ ಕುಷ್ಠರೋಗಿಗಳ ಸೇವೆಗೆಂದು ಬಂದು, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡು, ಕೊನೆಗೆ ಸತ್ಯಾನಂದರಾದವರು. ಅವರು ತಂದ ಹಣ್ಣು ರುಚಿಯದೇ ಇರಬೇಕು. ಆಮೇಲೆ ಕೆಂಪು, ಇನ್ನೂ ಕೆಂಪು, ಮತ್ತೂ ಕೆಂಪು ಎಂದು ಜಗತ್ತಿನವರು ಬಣ್ಣವನ್ನೇ ಆರಿಸುತ್ತ ಹೋಗಿ ರುಚಿ ಹಿಂದೆ ಬಿತ್ತು. ಹೊಸದಾಗಿ ಇಳಿದ, ಕಡಿದರೆ ಚಟಾರೆನ್ನುವ ಕೆಂಪು ಹಣ್ಣು ನಿಂಬೆಯ ಜೊತೆ ಚೆನ್ನಾಗಿಯೇ ಒಣಗುತ್ತದೆ. ಶೈತ್ಯಾಗಾರದಲ್ಲಿ ತಿಂಗಳುಗಟ್ಟಲೆ ಕೂತು ಹಿಟ್ಟುಹಿಟ್ಟಾದದ್ದು ಒಣಗಿದರೆ ಹತ್ತಿ. ಯಾವ ನಿಂಬೆಯೂ ಅದನ್ನು ಎಬ್ಬಿಸುವುದಿಲ್ಲ, ಹಸುವಿಗೆ ಹಾಕಿ. ಕಿನ್ನೌರಿನದು ತಡವಾಗಿ ಬರುತ್ತದೆ, ಗಟ್ಟಿ ಮೈ, ಮೂರನೇ ದಿನಕ್ಕೂ ನಾಲಿಗೆಗೆ ಎದುರು ನಿಲ್ಲುತ್ತದೆ. ಎಲ್ಲಕ್ಕಿಂತ ಮೇಲೆ ಗೋಲ್ಡನ್. ಹಳದಿ ಹಣ್ಣು, ಮೈಮೇಲೆ ಚುಕ್ಕೆ. ತೋಟದವರು ಅದನ್ನು ನೆಡುವುದು ಕೆಂಪು ಮರಗಳಿಗೆ ಪರಾಗ ಕೊಡಲಿ ಎಂದು. ಪೇಟೆಯಲ್ಲಿ ಕೇಳುವವರು ಕಡಿಮೆ, ದರವೂ ಕಡಿಮೆ. ಒಣಗಿಸಿ ನೋಡಿ, ಮದುವೆ ಮಾಡಿಸಲು ಬಂದವನೇ ಮದುಮಗನಿಗಿಂತ ಚೆಲುವನಾಗಿ ಕಾಣುತ್ತಾನೆ.

ಹಣ್ಣು ಬೆಳೆಯುವವರಿಗೆ ಒಣಗಿಸುವುದು ನನ್ನಂತೆ ಹವ್ಯಾಸವಾಗಿರಲಿಲ್ಲ. ಕಾಶ್ಮೀರದಲ್ಲಿ ಹಿಮ ಬಿದ್ದು ದಾರಿ ಮುಚ್ಚುವ ತಿಂಗಳುಗಳಿಗೆಂದು ಸೋರೆ, ಬದನೆ, ಟೊಮೆಟೊಗಳನ್ನು ಕೊಯ್ದು, ಪೋಣಿಸಿ, ಮನೆಯ ಮುಂದೆ ತೂಗುಹಾಕುತ್ತಾರೆ. ಹಾಗೆ ಒಣಗಿದ್ದಕ್ಕೆ ಅವರು ಹಚಿ ಅನ್ನುತ್ತಾರೆ. ಸೇಬು ಅವರ ಬಾಯಲ್ಲಿ ಚೂಂಠ್, ಒಣಸೇಬು ಚೂಂಠ್ ಹಚಿ. ಬದನೆ ಜೊತೆ ಸೇಬನ್ನು ಬೇಯಿಸುವ ಪಲ್ಯವೂ ಅವರಲ್ಲಿ ಉಂಟು. ದಾರಿ ಮುಚ್ಚುವ ಭಯ ಹಳೆಯದಾಗಿಲ್ಲ. 2025ರ ಮಳೆಗೆ ಜಮ್ಮು-ಶ್ರೀನಗರ ಹೆದ್ದಾರಿ ಕುಸಿದು, ಸೆಪ್ಟೆಂಬರಿನಲ್ಲಿ ಸೇಬಿನ ಲಾರಿಗಳು ದಿನಗಟ್ಟಲೆ ಸಾಲು ನಿಂತವು, ಹಣ್ಣು ಪೆಟ್ಟಿಗೆಯಲ್ಲೇ ಕೊಳೆಯಿತು. ಆ ವರ್ಷ ನಾನು ಗೋಲ್ಡನ್ ಕೊಂಡಾಗ ದರದ ಬಗ್ಗೆ ಚೌಕಾಶಿ ಮಾಡಲಿಲ್ಲ. ಈ ನಡುವೆ ಬಿಸಿಲಿಗೂ ಬಗ್ಗದ ತಳಿಗಳು ಬಂದಿವೆ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಕುಳಲಿಯಲ್ಲೇ ರೈತರೊಬ್ಬರು ಸೇಬು ತೆಗೆದರು. ಅವ್ವನಿಗೆ ಹೇಳಿದರೆ, "ಹಂಗಾರ ಇನ್ನ ದವಾಖಾನಿಗೆ ಏನ್ ಒಯ್ತಾರ?" ಎಂದು ಚಿಂತೆಗೆ ಬಿದ್ದಳು.

ಈಗ ತಿನ್ನುವುದು. ಮಣೂಕದಂತೆ ಮುಷ್ಟಿ ತುಂಬ ಬಾಯಿಗೆ ಸುರಿದುಕೊಳ್ಳುವ ವಸ್ತು ಇದಲ್ಲ. ಒಂದು ಬಿಲ್ಲೆ ಸಾಕು. ನಾಲಿಗೆಯ ಮೇಲಿಟ್ಟರೆ ಮೊದಲು ಏನೂ ಇಲ್ಲ, ತೊಗಲು. ಅರೆ, ಮೋಸಹೋದೆನೇ ಅನಿಸುವಷ್ಟು ಹೊತ್ತು ಏನೂ ಇಲ್ಲ. ಬಾಯಿಯ ನೀರು ಅದಕ್ಕೆ ಸೇರಬೇಕು. ಗಾಳಿ ಒಯ್ದ ನೀರನ್ನು ನಾವು ನಮ್ಮದರಿಂದ ಹಿಂದಿರುಗಿಸುತ್ತಿದ್ದೇವೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಆಮೇಲೆ ನಾಲಿಗೆಯ ಎರಡೂ ಮಗ್ಗುಲಿಗೆ ಹುಳಿ ಕುಟುಕುತ್ತದೆ. ಕಡಿದರೆ ಬಾಗುತ್ತದೆ, ಎಳೆಯುತ್ತದೆ, ಬಿಟ್ಟುಕೊಡುವುದಿಲ್ಲ. ಐದಾರು ಸಲ ಅಗಿದ ಮೇಲೆ ಸಿಹಿ ಬರುತ್ತದೆ, ಸಕ್ಕರೆಯ ಸಿಹಿಯಲ್ಲ, ಅಟ್ಟದ ಮೇಲಿನ ಹಳೆಯ ಬೆಲ್ಲದ್ದು. ಕೊನೆಗೆ ಉಳಿಯುವುದು ಸಿಪ್ಪೆಯ ಎಳೆ, ಬಾಚಿಹಲ್ಲಿನ ಸಂದಿಗೆ ಸಿಕ್ಕಿಕೊಂಡು ಕಾಲು ತಾಸಾದರೂ ತುಸು ತುಸು ರಸ ಬಿಡುತ್ತ ಕೂರುತ್ತದೆ. ಹಸಿ ಸೇಬು ಮೂರು ನಿಮಿಷದ ಮಾತು. ಒಣಸೇಬಿನ ಒಂದು ಬಿಲ್ಲೆ ಸ್ವಾರಗೇಟಿನಿಂದ ಹಡಪಸರದವರೆಗೆ ಬರುತ್ತದೆ, ಅಳೆದಿದ್ದೇನೆ.

ವಿಜಯಪುರದ ರಾತ್ರಿ ಬಸ್ಸಿನಲ್ಲಿ ಒಮ್ಮೆ ಇನ್ನೊಂದು ಪತ್ತೆಯಾಯಿತು. ಬುತ್ತಿಯ ಡಬ್ಬಿಯಲ್ಲಿ ಸೇಬಿನ ಬಿಲ್ಲೆಗಳ ಕೆಳಗೆ ಶೇಂಗಾ ಹಿಂಡಿ ಚೆಲ್ಲಿಕೊಂಡಿತ್ತು. ಕತ್ತಲಲ್ಲಿ ಗೊತ್ತಾಗದೆ ಬಾಯಿಗೆ ಹಾಕಿದೆ. ಬೆಳ್ಳುಳ್ಳಿಯ ಘಾಟು, ಖಾರ, ಶೇಂಗಾದ ಎಣ್ಣೆ, ನಿಂಬೆಯ ಹುಳಿ, ಹಿಂದಿನಿಂದ ನಿಧಾನವಾಗಿ ಬಂದ ಸಿಹಿ. ಅಂದಿನಿಂದ ನಮ್ಮ ಮನೆಯಲ್ಲಿ ಇವೆರಡೂ ಒಂದೇ ತಾಟಿನಲ್ಲಿ. ದಾಲ್ಚಿನ್ನಿ ಹಾಕಿ ಚಹಾದಂತೆ ಕುದಿಸಿ ಕುಡಿಯುವವರಿದ್ದಾರೆ, ಕುಡಿಯಲಿ. ಶಿರಾದಲ್ಲಿ ದ್ರಾಕ್ಷಿಯ ಬದಲು ಕತ್ತರಿಸಿ ಹಾಕಬಹುದು, ಆದರೆ ರವೆಯ ಮೆತ್ತಗಿನ ನಡುವೆ ಅದರ ಹಟ ಕಾಣದೆ ಹೋಗುತ್ತದೆ. ಗೊಜ್ಜು ಮಾತ್ರ ಒಳ್ಳೆಯದು: ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹುಣಸೆ, ಬೆಲ್ಲ, ಮೆಂತ್ಯ, ಒಣಮೆಣಸಿನ ಒಗ್ಗರಣೆಯಲ್ಲಿ ಕುದಿಸಿದರೆ ಚಪಾತಿಗೆ ಬೇರೆ ಬೇಡ. ಸಕ್ಕರೆ ಕಾಯಿಲೆಯವರು ಮಾತ್ರ ಲೆಕ್ಕ ಮರೆಯಬಾರದು. ಹತ್ತು ಬಿಲ್ಲೆ ಎಂದರೆ ಒಂದು ಇಡೀ ಸೇಬು, ಹಗುರಾಗಿದೆಯೆಂದು ಅದರ ಸಿಹಿ ಹಗುರಾಗಿರುವುದಿಲ್ಲ.

ಇಡುವ ಬಗೆಗೆ ಹೆಚ್ಚು ಮಾತಿಲ್ಲ. ಗಾಜಿನ ಬಾಟಲಿಯ ಮುಕ್ಕಾಲಿಗಿಂತ ಕಡಿಮೆ ತುಂಬಿ ಒಂದು ವಾರ ದಿನಕ್ಕೊಮ್ಮೆ ಅಲುಗಿಸಬೇಕು. ಮೊದಲ ದಿನ ದಪದಪ ಸದ್ದು, ಹದ ಕೂಡಿದ ಮೇಲೆ ಚರಚರ. ಗಾಜಿನ ಒಳಗೋಡೆಯಲ್ಲಿ ಹನಿ ಕಂಡರೆ ಮತ್ತೆ ತಾರಸಿಗೆ. ಬಯಲಲ್ಲಿ ಒಣಗಿದ್ದಾದ್ದರಿಂದ ಕಾಣದ ಹುಳದ ಮೊಟ್ಟೆ ಇರಬಹುದು, ಎರಡು ದಿನ ಡೀಪ್ ಫ್ರೀಜರಿನಲ್ಲಿ ಇಟ್ಟು ತೆಗೆದರೆ ನಿಶ್ಚಿಂತೆ. ಕತ್ತಲ ಕಪಾಟಿನಲ್ಲಿ ಆರು ತಿಂಗಳು ಆರಾಮವಾಗಿ ಇರುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೆ ಬಾಟಲಿಯ ತಳ ಕಂಡಿರುತ್ತದೆ. ಆ ಹದಿನೆಂಟು ಹಣ್ಣಿನ ಮೊದಲ ಮಾಲೆಯಲ್ಲಿ ಅರ್ಧ ತಿಂದವರು ಯಾರು ಗೊತ್ತೇ? ವಿಷಮಜ್ವರದವರು.

ಕಾರ್ತಿಕದಲ್ಲಿ ಈ ಕಡೆ ಬಂದರೆ ನಮ್ಮ ತಾರಸಿಗೆ ಬನ್ನಿ, ಮಧ್ಯಾಹ್ನ ಎರಡಕ್ಕೆ ಬಂದರೆ ಒಳ್ಳೆಯದು. ಸೇಬು ತರಬೇಡಿ, ನಾನೀಗ ಗಟ್ಟಿಮುಟ್ಟಾಗಿದ್ದೇನೆ. ಇಂಡಿಯ ನಿಂಬೆಹಣ್ಣು ಸಿಕ್ಕರೆ ನಾಲ್ಕು ತನ್ನಿ.